ಹಿತ್ತಲಲ್ಲೇ ಒಂದು ಕಾಡು



ಕಳೆದ ರಾಜ್ಯೋತ್ಸವದ ದಿನ ಕಾರ್ಯಕ್ರಮ ಮುಗಿದು ಊಟಕ್ಕೆ ಸಾಲು ನಿಂತಿದ್ದಾಗ ನಿಮ್ಮಲ್ಲಿ ನಾಲ್ಕೈದು ಮಂದಿ ನನ್ನ ಹಿಂದೆಯೇ ಇದ್ದಿರಿ. ರಜೆಯಲ್ಲಿ ನಾಗರಹೊಳೆಗೆ ಹೋಗಿ ಬಂದ ಕಥೆ ನಡೆದಿತ್ತು. ಜೀಪಿನ ಸವಾರಿ, ದೂರದಲ್ಲಿ ಕಂಡ ಆನೆ, ರೆಸಾರ್ಟಿನವರು ಕೊಟ್ಟ ಬಿಲ್ಲು, ಎಲ್ಲವನ್ನೂ ಕೇಳಿಸಿಕೊಂಡೆ. ಸುಮ್ಮನಿರಲಾರದೆ, "ನಮ್ಮ ಬೋರಿವಲಿಯ ನ್ಯಾಷನಲ್ ಪಾರ್ಕು ನೋಡಿದ್ದೀರಾ?" ಎಂದು ಕೇಳಿದೆ. "ಅಯ್ಯೋ ಆಂಟೀ, ಅದು ನಾಲ್ಕನೇ ಕ್ಲಾಸಿನ ಪಿಕ್‌ನಿಕ್ಕು!" ಎಂದು ನಕ್ಕಿರಿ. ನಾನೂ ನಕ್ಕೆ.

ಆದರೆ ಮನೆಗೆ ಬಂದ ಮೇಲೆ ಆ ನಗು ಹಾಗೇ ಉಳಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿಮಗಿಂತ ಮೊದಲು ನನಗೇ ಸಲ್ಲಬೇಕು. ಆ ಕಾಡಿನ ಪಕ್ಕದಲ್ಲೇ ಸಂಸಾರ ಹೂಡಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅದನ್ನು ಸರಿಯಾಗಿ ನೋಡದೆ ಕಳೆದವಳು ನಾನು. ನೋಡದೆ ಇದ್ದದ್ದು ಮಾತ್ರವಲ್ಲ, ಅದಕ್ಕೊಂದು ಅಪಕಾರವನ್ನೂ ಮಾಡಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದೇ ಈ ಲೇಖನ.

ನನ್ನ ತವರು ಕುಂದಾಪುರ ತಾಲೂಕಿನಲ್ಲಿ, ಕೊಲ್ಲೂರಿನ ಕಡೆ ಘಟ್ಟದ ಬುಡದ ಹಳ್ಳಿ. ಅಂಗಳ ದಾಟಿದರೆ ತೋಟ, ತೋಟ ದಾಟಿದರೆ ಕಾಡು. ಚಿರತೆಗೆ ನಮ್ಮಲ್ಲಿ ಕುರ್ಕ ಎನ್ನುತ್ತಾರೆ. ವರ್ಷಕ್ಕೊಂದೆರಡು ಬಾರಿ ಕುರ್ಕ ಬಂದು ಯಾರದೋ ಮನೆಯ ನಾಯಿಯನ್ನು ಎತ್ತಿಕೊಂಡು ಹೋಗುವುದಿತ್ತು. ಮರುದಿನದಿಂದ ಅಜ್ಜಿ ಕತ್ತಲಾಗುವ ಮೊದಲೇ ಹಟ್ಟಿಯ ಬಾಗಿಲು ಹಾಕಿಸುತ್ತಿದ್ದರು, ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಅಷ್ಟೇ. ಹೆದರಿದ ನಮಗೆ, "ಅದ್ರ್ ದಾರಿಯಂಗೆ ಅದ್ ಹೋತ್ತ್, ನಮ್ ದಾರಿಯಂಗೆ ನಾವ್ ಹೋಪ" ಎನ್ನುತ್ತಿದ್ದರು. ಯಾರೂ ಅದನ್ನು ಹಿಡಿದು ಬೇರೆ ಊರಿಗೆ ಬಿಟ್ಟು ಬನ್ನಿ ಎಂದು ಕೇಳಿದ್ದು ನನಗೆ ನೆನಪಿಲ್ಲ.

1993ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದೆ. ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮಾಡಿದ್ದವಳು. ವರ್ಡ್ಸ್‌ವರ್ತ್ ಓದಿ ಪರೀಕ್ಷೆ ಬರೆದವಳಿಗೆ ಡ್ಯಾಫೊಡಿಲ್ ಹೂ ಎಂಥದ್ದೆಂದು ಇಂದಿಗೂ ಗೊತ್ತಿಲ್ಲ, ಆ ಮಾತು ಬೇರೆ. ನಮ್ಮ ಮನೆ ಬೋರಿವಲಿ ಪೂರ್ವದಲ್ಲಿ. ಮೊದಲ ಭಾನುವಾರ ನಮ್ಮ ಯಜಮಾನರು ಬಹಳ ಹುರುಪಿನಿಂದ, "ಇವತ್ತು ನಿನಗೆ ಕಾಡು ತೋರಿಸುತ್ತೇನೆ" ಎಂದರು. ಕಾಡಿನಿಂದಲೇ ಬಂದವಳಿಗೆ ಕಾಡು ತೋರಿಸುವುದೇ! ನಾನಂತೂ ಸಮುದ್ರ ಕಾಣುವ ಮರೀನ್ ಡ್ರೈವಿನ ಕನಸಿನಲ್ಲಿದ್ದೆ. ಮುಖ ಊದಿಸಿಕೊಂಡೇ ಹೋದೆ. ವನರಾಣಿ ಎಂಬ ಆಟದ ರೈಲಿನಲ್ಲಿ ಕೂರಿಸಿದರು, ಸಿಂಹ ಸಫಾರಿ ಮಾಡಿಸಿದರು, ಗಾಂಧಿ ಟೇಕಡಿ ಹತ್ತಿಸಿದರು, ಹೊರಗೆ ವಡಾ ಪಾವ್ ಕೊಡಿಸಿದರು. ಮನೆಗೆ ಬಂದು ಅಮ್ಮನಿಗೆ ಕಾಗದ ಬರೆದೆ: "ಇಲ್ಲಿಯವರು ನಾಲ್ಕು ಮರಕ್ಕೆ ಟಿಕೆಟ್ಟು ಇಟ್ಟು ಕಾಡು ಎನ್ನುತ್ತಾರೆ."

ಆ ನಾಲ್ಕು ಮರದ ಹಿಂದೆ ಸುಮಾರು 104 ಚದರ ಕಿಲೋಮೀಟರ್ ಕಾಡು ಇತ್ತು. ನಾನು ನೋಡಿದ್ದು ಹೆಬ್ಬಾಗಿಲು ಮಾತ್ರ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಎಂಬ ಹೆಸರಿನ ಈ ಕಾಡು ಬೋರಿವಲಿಯಿಂದ ಠಾಣೆಯವರೆಗೆ ಹಬ್ಬಿದೆ. ಸಫಾರಿಯಲ್ಲಿ ತೋರಿಸುವ ಹುಲಿ, ಸಿಂಹಗಳು ಬೇಲಿಯೊಳಗಿನವು. ಸ್ವತಂತ್ರವಾಗಿ ತಿರುಗುವ ರಾಜ ಇಲ್ಲಿ ಚಿರತೆಯೇ.

ಇನ್ನು ನನ್ನ ತಪ್ಪಿನ ವಿಷಯ. 2003ರ ಮಳೆಗಾಲ ಮುಗಿದಿತ್ತು. ಒಂದು ರಾತ್ರಿ ನಮ್ಮ ಸೊಸೈಟಿಯ ಹಿಂದಿನ ಗೋಡೆಯ ಮೇಲೆ ಚಿರತೆ ಕೂತದ್ದನ್ನು ವಾಚ್‌ಮನ್ ಕಂಡ. ಅಲ್ಲೇ ನಮ್ಮ ಕಸದ ತೊಟ್ಟಿ, ತೊಟ್ಟಿಯ ಸುತ್ತ ಹತ್ತಾರು ಬೀದಿನಾಯಿಗಳು. ಮರುದಿನ ಸಭೆ ಸೇರಿತು. ಸಂಬಂಧಪಟ್ಟವರಿಗೆ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. "ಭಾಭೀಜಿ ಇಂಗ್ಲಿಷ್ ಬಿ.ಎ." ಎಂದು ಅರ್ಜಿ ಬರೆಯುವ ಮರ್ಯಾದೆ ನನಗೇ ಬಂತು. ಕಲಿತ ಇಂಗ್ಲಿಷಿಗೆ ಹತ್ತು ವರ್ಷಗಳಲ್ಲಿ ಸಿಕ್ಕ ಮೊದಲ ಕೆಲಸ! ಮಗಳಿಗೆ ಆಗ 7 ವರ್ಷ. ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು. ಈ ಪ್ರಾಣಿಯನ್ನು ಹಿಡಿದು ಬಹಳ ದೂರದ ಕಾಡಿಗೆ ಸಾಗಿಸಬೇಕೆಂದು ಎರಡು ಪುಟ ಚೆನ್ನಾಗಿಯೇ ಬರೆದೆ. ಮೊದಲ ರುಜು ನನ್ನದು. ಸ್ವಲ್ಪ ದಿನಗಳಲ್ಲಿ ಬೋನು ಬಂತು, ಒಂದು ಚಿರತೆ ಸಿಕ್ಕಿತು, ಲಾರಿಯಲ್ಲಿ ಎಲ್ಲಿಗೋ ಹೋಯಿತು. ಬಿಲ್ಡಿಂಗಿನಲ್ಲಿ ಪೇಡೆ ಹಂಚಿದರು.

ನಮ್ಮ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಬಾಯಿ ವಿಜಾಪುರದ ಕಡೆಯವಳು. ಕನ್ನಡದಲ್ಲಿ ಮಾತಾಡಲು ಸಿಕ್ಕಳೆಂದು ನನಗೆ ಅವಳ ಮೇಲೆ ಹೆಚ್ಚಿನ ಮಮತೆ. ಅವಳ ಗುಡಿಸಲು ಕಾಡಿನ ಗೋಡೆಗೆ ಅಂಟಿಕೊಂಡಿತ್ತು. ಪೇಡೆ ಕೊಟ್ಟಾಗ ಅವಳು ನಗಲಿಲ್ಲ. "ಒಂದ ಹೋತಂದ್ರ ಇನ್ನೊಂದ ಬರತೈತ್ರಿ ಅಕ್ಕಾರ. ನಮ್ಮ ಕಡೆ ಸಂಡಾಸ ಇಲ್ಲ, ದೀಪ ಇಲ್ಲ. ರಾತ್ರಿ ಹುಡುಗರ ಹೊರಗ ಹೊಂಟ್ರ ಜೀವ ಕೈಯಾಗ ಹಿಡಕೊಂಡ ಕುಂದರತೀವಿ" ಎಂದಳು. ಅರ್ಜಿಯಲ್ಲಿ ಅದನ್ನೂ ಬರೆಯಬಹುದಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

2004ರಲ್ಲಿ ಆದದ್ದನ್ನು ನಿಮ್ಮ ತಂದೆ ತಾಯಿಯರನ್ನು ಕೇಳಿ. ಅದಕ್ಕೆ ಎರಡು ವರ್ಷ ಮೊದಲಿನಿಂದಲೂ ಕಾಡಿನ ಅಂಚಿನಲ್ಲಿ ದಾಳಿಗಳು ಹೆಚ್ಚುತ್ತಿದ್ದವು. ಆ ವರ್ಷದ ಜೂನ್ ಒಂದೇ ತಿಂಗಳಲ್ಲಿ ಚಿರತೆಗಳಿಗೆ ಸುಮಾರು 10 ಮಂದಿ ಬಲಿಯಾದರು. ಹೋದವರಲ್ಲಿ ಹೆಚ್ಚಿನವರು ಬಡವರು, ಅವರಲ್ಲೂ ಮಕ್ಕಳು ಬಹಳ. ಒಂದು ಬೆಳಿಗ್ಗೆ ನಮ್ಮ ಬಾಯಿ ಬರಲಿಲ್ಲ. ಮೂರನೆಯ ದಿನ ಬಂದಳು. ಅವಳ ಪಕ್ಕದ ಗಲ್ಲಿಯ ಮಗು ಹೋಗಿತ್ತು. ಅವಳು ಸಿಂಕಿನ ಮುಂದೆ ನಿಂತು ಪಾತ್ರೆ ತಿಕ್ಕುತ್ತಲೇ ಇದ್ದಳು, ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲು ಇಬ್ಬರಿಗೂ ಏನೂ ಇರಲಿಲ್ಲ. ಆ ತಿಂಗಳೇ ಅವರು ಅಲ್ಲಿಂದ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆಂದು ಇಂದಿಗೂ ತಿಳಿಯದು.

ಚಿರತೆ ಕೆಟ್ಟದ್ದು ಎಂದುಕೊಂಡೆ. ಇನ್ನೂ ಹನ್ನೆರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ.

2016ರ ಸೆಪ್ಟೆಂಬರಿನಲ್ಲಿ ಮಗಳು ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿ, "ಅಮ್ಮ, ಕರ್ವಿ ಹೂ ಬಿಟ್ಟಿದೆ, ನಡಿ. ಈ ಸಲ ತಪ್ಪಿದರೆ ಇನ್ನು ಏಳೆಂಟು ವರ್ಷ ಕಾಯಬೇಕು" ಎಂದಳು. ಅವಳು ಆಗ ಕಾಲೇಜು. ಪರಿಸರದ ಗುಂಪೊಂದರ ಜೊತೆ ತಿರುಗುತ್ತಿದ್ದಳು. ಆ ದಿನ ಅರಣ್ಯದ ಅನುಮತಿ ಪಡೆದು, ಕಾಡು ಬಲ್ಲ ಹುಡುಗನೊಬ್ಬನ ಹಿಂದೆ ಹತ್ತು ಹನ್ನೆರಡು ಜನ ನಡೆದೆವು.

ಆಗ ಕಂಡಿತು ನೋಡಿ ಕಾಡು! ನಮ್ಮ ಬಾಬಾಬುಡನ್‌ಗಿರಿಯ ನೀಲಕುರಿಂಜಿಯ ಬಳಗವೇ ಈ ಕರ್ವಿ. ಗುಡ್ಡದ ಇಳಿಜಾರಿಗೆ ನಸುನೇರಳೆ ಸೀರೆ ಹರವಿದ ಹಾಗಿತ್ತು, ಮೇಲೆ ಜೇನಿನ ಝೇಂಕಾರ. ಈ ಕಾಡಿನೊಳಗೆ ಪಾಡಾಗಳಲ್ಲಿ ತಲೆಮಾರುಗಳಿಂದ ಇರುವ ವಾರ್ಲಿ ಜನ ಕರ್ವಿಯ ಕಡ್ಡಿ ಹೆಣೆದು, ಮಣ್ಣು ಸೆಗಣಿ ಮೆತ್ತಿ ಗೋಡೆ ಮಾಡುತ್ತಾರಂತೆ. ಅವರಿಗೆ ವಾಘೋಬಾ ದೇವರು. ಹುಲಿಯೂ ಅವನೇ, ಚಿರತೆಯೂ ಅವನೇ. ನಮ್ಮ ತುಳುನಾಡಿನ ಪಿಲಿಚಾಮುಂಡಿ ನೆನಪಾಯಿತು. ಒಂದು ಮರದ ಕಾಂಡದ ಮೇಲೆ ಗೇಣಿಗೂ ಅಗಲವಾದ ಕಂದು ಪತಂಗ ರೆಕ್ಕೆ ಬಿಡಿಸಿ ಕೂತಿತ್ತು. ಅದಕ್ಕೆ ಅಟ್ಲಾಸ್ ಪತಂಗ ಎಂದು ಹೆಸರು. 250ಕ್ಕೂ ಹೆಚ್ಚು ಬಗೆಯ ಹಕ್ಕಿಗಳು, 150ರಷ್ಟು ಬಗೆಯ ಚಿಟ್ಟೆಗಳು, ಜಿಂಕೆ, ಕಡವೆ, ಕಾಡುಕುರಿ ಎಲ್ಲವೂ ಈ ಒಂದು ಕಾಡಿನಲ್ಲಿವೆ. ಇದರ ಒಡಲಲ್ಲೇ ವಿಹಾರ ಮತ್ತು ತುಳಸಿ ಕೆರೆಗಳು. 1860ರಲ್ಲಿ ಮುಗಿದ ವಿಹಾರ ಕೆರೆಯಿಂದಲೇ ಮುಂಬಯಿಗೆ ಮೊದಲು ಕೊಳಾಯಿ ನೀರು ಬಂದದ್ದು. ಊರಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ಇಂದಿಗೂ ಇವೆರಡು ಸೇರಿವೆ. ಮೀಠಿ, ದಹಿಸರ್, ಪೊಯಿಸರ್ ಹೊಳೆಗಳು ಹುಟ್ಟುವುದೂ ಈ ಬೆಟ್ಟಗಳಲ್ಲೇ. ಹೊಳೆಯ ದಾರಿಯನ್ನು ನಾವು ಕಟ್ಟಿ ಹಾಕಿದರೆ ಏನಾಗುತ್ತದೆಂದು 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಮೀಠಿ ನಮಗೆ ತೋರಿಸಿಕೊಟ್ಟಿದ್ದಾಳೆ.

ಹೊಳೆಯ ದಂಡೆಯ ಕೆಸರಿನಲ್ಲಿ ಹುಡುಗ ಕೈ ತೋರಿಸಿದ. ಒಂದು ಹೆಜ್ಜೆ ಗುರುತು. ನಾಲ್ಕು ಬೆರಳು, ಹಿಂದೆ ಅಂಗಾಲಿನ ಮೆತ್ತೆ. ಹಿಂದಿನ ರಾತ್ರಿಯದಿರಬೇಕು ಎಂದ. ನಾನು ಬಗ್ಗಿ ಬಹಳ ಹೊತ್ತು ನೋಡಿದೆ. ತವರಿನ ತೋಟದ ತೋಡಿನ ಬದಿಯಲ್ಲಿ ಇಂಥದ್ದನ್ನೇ ಅಜ್ಜಿ ತೋರಿಸಿದ್ದರು.

ಆಮೇಲೆ ಕನ್ಹೇರಿ ಗುಹೆಗಳಿಗೆ ಹತ್ತಿದೆವು. ಕೃಷ್ಣಗಿರಿ ಎಂಬುದೇ ಕನ್ಹೇರಿ ಆಯಿತು, ಕಪ್ಪು ಬೆಟ್ಟ. ಕ್ರಿಸ್ತಪೂರ್ವದಿಂದ ಹಿಡಿದು ಸುಮಾರು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಬಂಡೆ ಕೊರೆದು ನೂರಕ್ಕೂ ಹೆಚ್ಚು ಗುಹೆಗಳಲ್ಲಿ ಬಾಳಿದ್ದರು. ದೊಡ್ಡ ಚೈತ್ಯದ ಜಗಲಿಯಲ್ಲಿ 20 ಅಡಿಗೂ ಎತ್ತರದ ಬುದ್ಧ ನಿಂತಿದ್ದಾನೆ. ಗುಹೆಗುಹೆಗೂ ಕಲ್ಲಿನ ಬೆಂಚು, ಮಳೆನೀರು ಇಳಿದು ತುಂಬಲು ಕಾಲುವೆ, ಪಕ್ಕದಲ್ಲಿ ನೀರಿನ ತೊಟ್ಟಿ. ಆ ತೊಟ್ಟಿಗಳಲ್ಲಿ ಇಂದಿಗೂ ನೀರು ನಿಲ್ಲುತ್ತದೆ.

ನಿಮಗೆ ಇನ್ನೊಂದು ಸಂಗತಿ ಹೇಳಬೇಕು. ಇಲ್ಲಿ 9ನೆಯ ಶತಮಾನದ ಸಂಸ್ಕೃತ ಶಾಸನಗಳಿವೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು. ಅವರ ಮೇಲಿನ ಸಾರ್ವಭೌಮ ಯಾರೆಂದು ಶಾಸನ ಹೇಳುತ್ತದೆ: ರಾಷ್ಟ್ರಕೂಟ ಅಮೋಘವರ್ಷ. ನಮ್ಮ ನೃಪತುಂಗ! ಯಾರ ಆಸ್ಥಾನದಲ್ಲಿ ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' ಹುಟ್ಟಿತೋ ಅವನ ಹೆಸರು ಬೋರಿವಲಿಯ ಬಂಡೆಯ ಮೇಲಿದೆ. ಅವುಗಳಲ್ಲೊಂದರಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದವನೊಬ್ಬ ಇಲ್ಲಿಯ ಭಿಕ್ಷುಗಳಿಗಾಗಿ 100 ದ್ರಮ್ಮ ದಾನ ಕೊಟ್ಟ ವಿವರವಿದೆ. ಎಲ್ಲಿಯ ಬಂಗಾಳ, ಎಲ್ಲಿಯ ಕೊಂಕಣ, ಎಲ್ಲಿಯ ಮಾನ್ಯಖೇಟ! "ಇದು ನನ್ನ ಊರಲ್ಲ" ಎಂದು ಅವನು ಅಂದುಕೊಂಡಿದ್ದರೆ ನೂರು ದ್ರಮ್ಮ ಗಂಟಿನಲ್ಲೇ ಉಳಿಯುತ್ತಿತ್ತು.

ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿ ಕೂತಾಗ ಆ ಹುಡುಗ ಚಿರತೆಯ ವಿಷಯ ತೆಗೆದ. ಪುಣೆ ಜಿಲ್ಲೆಯ ಜುನ್ನರ್ ಕಡೆ ವಿದ್ಯಾ ಅತ್ರೇಯ ಎಂಬ ವಿಜ್ಞಾನಿ ಮಾಡಿದ ಅಧ್ಯಯನವಂತೆ. ಹೊಲಗದ್ದೆಗಳಲ್ಲಿ ಸಿಕ್ಕ ಚಿರತೆಗಳನ್ನು ಹಿಡಿದು ದೂರದ ಕಾಡಿಗೆ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತನ್ನ ನೆಲೆಯಲ್ಲಿ ಚಿರತೆಗೆ ನೀರೆಲ್ಲಿ, ಅಡಗುವ ಜಾಗವೆಲ್ಲಿ, ಜನ ಓಡಾಡುವ ಹೊತ್ತು ಯಾವುದು ಎಲ್ಲವೂ ತಿಳಿದಿರುತ್ತದೆ. ಬೋನಿನಲ್ಲಿ ಗಾಬರಿಗೊಂಡು, ಗೊತ್ತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿಯ ಗತಿ ಬೇರೆ. ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬಂದೇ ಬರುತ್ತದೆ. ಆ ವರ್ಷಗಳಲ್ಲಿ ಬೇರೆಡೆ ಹಿಡಿದ ಚಿರತೆಗಳನ್ನು ನಮ್ಮ ಈ ಕಾಡಿಗೆ ತಂದು ಬಿಟ್ಟದ್ದೂ ಉಂಟು. 2004ರ ದುರಂತಕ್ಕೆ ಇದೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ.

ಅವನು ಇನ್ನೊಂದು ಕಥೆಯನ್ನೂ ಹೇಳಿದ. 2009ರಲ್ಲಿ ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿದ್ದ ಒಂದು ಚಿರತೆಯನ್ನು ಎತ್ತಿ, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅದಕ್ಕೆ ಆಜೋಬಾ, ಅಂದರೆ ಅಜ್ಜ ಎಂದು ಹೆಸರಿಟ್ಟರು. ಆಜೋಬಾ ಹೆದ್ದಾರಿ, ರೈಲು ಹಳಿ ದಾಟಿ, ಖಾಡಿ ಈಜಿ, 120 ಕಿಲೋಮೀಟರಿಗೂ ಹೆಚ್ಚು ನಡೆದು ಈ ಮುಂಬಯಿ ಕಾಡಿಗೆ ಬಂದ. ದಾರಿಯುದ್ದಕ್ಕೂ ಒಬ್ಬ ಮನುಷ್ಯನಿಗೂ ತೊಂದರೆ ಕೊಡಲಿಲ್ಲ. 2011ರಲ್ಲಿ ಮುಂಬಯಿ-ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತ.

ಎಲ್ಲರೂ ಅಯ್ಯೋ ಎಂದರು. ನನಗೆ ಬುತ್ತಿ ಗಂಟಲಲ್ಲಿ ಇಳಿಯಲಿಲ್ಲ. ಇಳಿದು ಬರುವಾಗ ಮಗಳಿಗೆ ಅರ್ಜಿಯ ವಿಷಯ ಹೇಳಿದೆ. ನಾನೇ ಬರೆದದ್ದು, ಮೊದಲ ರುಜು ನನ್ನದು ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, "ಅಜ್ಜಿಗೆ ಗೊತ್ತಿದ್ದದ್ದು ನಿನಗೂ ಗೊತ್ತಿತ್ತಲ್ಲ ಅಮ್ಮ. ಅದನ್ನೇ ಯಾಕೆ ಬರೆಯಲಿಲ್ಲ?" ಎಂದಳು.

ಉತ್ತರ ನನ್ನ ಬಳಿಯಿತ್ತು, ಆದರೆ ಹೇಳಲು ನಾಚಿಕೆಯಾಯಿತು. ಇದು ನಮ್ಮ ಊರು ಎಂದು ನಾನು ತಿಳಿದೇ ಇರಲಿಲ್ಲ. ಊರಿನ ಕಾಡಿನ ಜೊತೆ ಹೇಗೆ ಬಾಳಬೇಕೆಂದು ಗೊತ್ತಿತ್ತು. ಇಲ್ಲಿ ಬಾಡಿಗೆಗೆ ಬಂದವರ ಹಾಗೆ ಇದ್ದೆ. ಬಾಡಿಗೆಯವರಿಗೆ ಹಿತ್ತಲಿನ ಚಿಂತೆ ಯಾಕೆ? ನಿಜವಾಗಿ ಆ ಅರ್ಜಿಯಲ್ಲಿ ಬರೆಯಬೇಕಾದದ್ದು ಇಷ್ಟೇ ಇತ್ತು. ದಿನವೂ ಕಸ ಎತ್ತಿಸಿ, ಕಸವಿದ್ದರೆ ನಾಯಿ, ನಾಯಿಯಿದ್ದರೆ ಚಿರತೆ. ಗೋಡೆಯ ಪಕ್ಕದ ಬಸ್ತಿಗೆ ದೀಪ ಹಾಕಿಸಿ, ಶೌಚಾಲಯ ಕಟ್ಟಿಸಿ. ಎರಡು ಪುಟ ಬೇಕಾಗಿರಲಿಲ್ಲ, ಎರಡು ವಾಕ್ಯ ಸಾಕಿತ್ತು.

2011ರಿಂದ ಅರಣ್ಯದವರು, ವಿಜ್ಞಾನಿಗಳು, ಊರವರು ಒಟ್ಟು ಸೇರಿ ಇದನ್ನೇ ಮನೆಮನೆಗೆ ಹೇಳತೊಡಗಿದರು. ಮರಗಳಿಗೆ ಕ್ಯಾಮರಾ ಕಟ್ಟಿ, ಮೈಮೇಲಿನ ಚುಕ್ಕೆಗಳಿಂದ ಒಂದೊಂದು ಚಿರತೆಯನ್ನೂ ಗುರುತಿಸಿ ಎಣಿಸಿದರು. ಕಾಡು ಮತ್ತು ಅದರ ಆಸುಪಾಸಿನಲ್ಲಿ 2015ರಲ್ಲಿ 35, 2018ರಲ್ಲಿ 47 ಚಿರತೆಗಳಿದ್ದವು. ಕೋಟಿಗಟ್ಟಲೆ ಜನರ ನಡುವೆ ಅವು ಹೇಗೆ ಕಣ್ಣಿಗೆ ಬೀಳದೆ ಇವೆಯೋ! ದಾಳಿಗಳು ಬಹಳ ಇಳಿದವು. ಪೂರ್ತಿ ನಿಂತವು ಎಂದು ಸುಳ್ಳು ಹೇಳಲಾರೆ. 2022ರ ದೀಪಾವಳಿಯ ದಿನಗಳಲ್ಲಿ ಆರೆಯಲ್ಲಿ ಪುಟ್ಟ ಮಗುವೊಂದು ಹೋಯಿತು. ಕಾಡು ಉಳಿಯಲಿ ಎಂದು ಐದನೆಯ ಮಹಡಿಯಲ್ಲಿ ಕೂತು ಹೇಳುವುದು ಸುಲಭ. ಅದರ ಬೆಲೆಯನ್ನು ಗೋಡೆಯ ಪಕ್ಕದ ಬಡವರೇ ತೆರುತ್ತಾರೆ ಎಂಬುದನ್ನು ಮರೆಯಬೇಡಿ. ನಮ್ಮ ಬಾಯಿಯ ಮುಖ ನನಗೆ ಮರೆಯಲು ಬಿಡುವುದಿಲ್ಲ.

ನಿಮ್ಮ ವಯಸ್ಸಿನವರ ಮೇಲೆ ನನಗೆ ಭರವಸೆಯಿದೆ. 2019ರ ಅಕ್ಟೋಬರಿನಲ್ಲಿ ಆರೆಯ ಎರಡು ಸಾವಿರಕ್ಕೂ ಹೆಚ್ಚು ಮರಗಳು ಮೆಟ್ರೋ ಶೆಡ್ಡಿಗಾಗಿ ಉರುಳಿದಾಗ ರಾತ್ರಿಯೆಲ್ಲ ಅಲ್ಲಿ ನಿಂತವರು ನಿಮ್ಮಂಥ ಹುಡುಗ ಹುಡುಗಿಯರೇ. ಆ ಮೆಟ್ರೋದಲ್ಲಿ ನಾನೂ ಈಗ ಪ್ರಯಾಣ ಮಾಡುತ್ತೇನೆ, ತಂಪಾಗಿ ಕೂತು ಹೋಗುವಾಗ ಆ ಮರಗಳ ನೆನಪೂ ಆಗುತ್ತದೆ. ಈ ಊರಿಗೆ ಎರಡೂ ಬೇಕು. ಯಾವುದನ್ನು ಎಲ್ಲಿ ಕಟ್ಟಬೇಕೆಂದು ಕೇಳುವ ಹಕ್ಕು ಇಲ್ಲಿ ಹುಟ್ಟಿ ಬೆಳೆದ ನಿಮಗಿದೆ. "ನಿಮ್ಮ ಊರು ಯಾವುದು?" ಎಂದು ಯಾರಾದರೂ ಕೇಳಿದರೆ ನೀವು ಅಜ್ಜನ ಊರಿನ ಹೆಸರು ಹೇಳಿ ತಡವರಿಸುವುದನ್ನು ನೋಡಿದ್ದೇನೆ. ಅದನ್ನೂ ಹೇಳಿ, ಮುಂಬಯಿ ಎಂದೂ ಹೇಳಿ. ಒಬ್ಬರಿಗೆ ಎರಡು ಊರು ಇದ್ದರೆ ಯಾರಿಗೇನು ನಷ್ಟ?

ಮತ್ತೆ, ಹೋಗುವುದಾದರೆ ನಾಲ್ಕು ಮಾತು. ಸೋಮವಾರ ಉದ್ಯಾನಕ್ಕೆ ರಜೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಳದಾರಿಗಳಿಗೆ ಅನುಮತಿ ಮತ್ತು ಬಲ್ಲವರ ಜೊತೆ ಬೇಕೇ ಬೇಕು. ಪ್ಲಾಸ್ಟಿಕ್ ಒಯ್ಯಬೇಡಿ, ಮಂಗಗಳಿಗೆ ತಿನ್ನಲು ಕೊಡಬೇಡಿ, ಟ್ರಾನ್ಸಿಸ್ಟರ್ ಕಾಲದಿಂದ ಇಂದಿನ ಮೊಬೈಲಿನವರೆಗೆ ನಡೆದು ಬಂದಿರುವ ಹಾಡು ಹಾಕುವ ಚಟವನ್ನು ಹೆಬ್ಬಾಗಿಲಲ್ಲೇ ಬಿಡಿ. ಮೊದಲ ದಿನವೇ ಚಿರತೆ ಕಾಣಬೇಕೆಂಬ ಹಟ ಬೇಡ. ನಾನು ಇಂದಿಗೂ ಕಂಡಿಲ್ಲ, ಅದು ನನ್ನನ್ನು ಎಷ್ಟು ಬಾರಿ ಕಂಡಿದೆಯೋ!

ಯುವ ವಿಭಾಗದವರು ಒಂದು ಭಾನುವಾರ ಗೊತ್ತು ಮಾಡಿ. ನಮ್ಮ ಮನೆ ಸ್ಟೇಷನ್ನಿನಿಂದ ಕಾಡಿನ ಬಾಗಿಲಿಗೆ ಹೋಗುವ ದಾರಿಯಲ್ಲೇ ಇದೆ. ಅವಲಕ್ಕಿ ಒಗ್ಗರಣೆ ಮಾಡಿ ಬಾಳೆಲೆಯಲ್ಲಿ ಕಟ್ಟಿಕೊಡುತ್ತೇನೆ. ನೃಪತುಂಗನ ಹೆಸರಿರುವ ಬೆಟ್ಟದ ಮೇಲೆ ಕೂತು ತಿನ್ನೋಣ. ಆದರೆ ಎಲೆ ಮಾತ್ರ ವಾಪಸು ತರಬೇಕು.